ನಾಣ್ಯ ನುಂಗಿದ ಯಂತ್ರ: ದಾವಣಗೆರೆಯಿಂದ ಹರಿಹರಕ್ಕೆ ಒಂದು ರಿಪೇರಿ ಯಾತ್ರೆ

ದಾವಣಗೆರೆ ಎಂದೊಡನೆ ಬೆಣ್ಣೆ ದೋಸೆ ನೆನಪಾಗುವುದು ಸಹಜ. ಅದರ ಬೆನ್ನಿಗೇ ಮಂಡಕ್ಕಿ, ಮೆಣಸಿನಕಾಯಿ. ಸ್ವಲ್ಪ ವಯಸ್ಸಾದವರಾದರೆ ಹತ್ತಿ ಗಿರಣಿಗಳನ್ನು, ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರಿದ್ದ ಕಾಲವನ್ನು ನೆನೆಯುತ್ತಾರೆ. ಹರಿಹರ ಎಂದರೆ ತುಂಗಭದ್ರೆ, ಹರಿಹರೇಶ್ವರನ ಗುಡಿ, ಕಿರ್ಲೋಸ್ಕರ್ ಕಾರ್ಖಾನೆ. ಎರಡು ಊರುಗಳ ನಡುವೆ ಇರುವುದು ಸುಮಾರು 14 ಕಿಲೋಮೀಟರ್ ದಾರಿ. ಬಸ್ಸಿಗೂ ಬರವಿಲ್ಲ, ರೈಲಿಗೂ ಬರವಿಲ್ಲ. ದೋಸೆ ತಿಂದು, ಗುಡಿ ನೋಡಿ, ಸಂಜೆಯೊಳಗೆ ಮನೆ ಸೇರಬಹುದಾದ ಪ್ರವಾಸ ಇದು.

ಆದರೆ ಇದೇ ದಾರಿಯನ್ನು ಇನ್ನೊಂದು ಕಣ್ಣಿನಿಂದಲೂ ನೋಡಬಹುದು. ನಾಣ್ಯ ಹಾಕಿದರೆ ಕೆಲಸ ಮಾಡುವ ಯಂತ್ರಗಳನ್ನು ಬೆನ್ನಟ್ಟಿ ಹೊರಟರೆ ರೈಲು ನಿಲ್ದಾಣ, ಪೇಟೆಯ ಬೀದಿ, ಲೇತಿನ ಕಾರ್ಖಾನೆ, ಕೊನೆಗೆ ನದಿ ದಂಡೆಯ ಗುಡಿ ಕೂಡ ಒಂದೇ ಪಾಠದ ಬೇರೆ ಬೇರೆ ಪುಟಗಳಂತೆ ಕಾಣುತ್ತವೆ. ಶಾಲಾ ಕಾಲೇಜಿಗೆ ಹೋಗುವ ಮಕ್ಕಳು ಜೊತೆಗಿದ್ದರಂತೂ ಈ ಪ್ರವಾಸಕ್ಕೆ ಅರ್ಥ ಹೆಚ್ಚು.

ಪ್ಲಾಟ್‌ಫಾರಂ ಮೇಲಿನ ಭವಿಷ್ಯ

ಯಾತ್ರೆ ರೈಲು ನಿಲ್ದಾಣದಿಂದಲೇ ಶುರುವಾಗಲಿ. ನಮ್ಮ ದೇಶದ ದೊಡ್ಡ ನಿಲ್ದಾಣಗಳಲ್ಲಿ ಒಂದು ಕಾಲಕ್ಕೆ ತೂಕದ ಯಂತ್ರವಿಲ್ಲದ ಪ್ಲಾಟ್‌ಫಾರಂ ಇರಲಿಲ್ಲವೆಂದೇ ಹೇಳಬೇಕು. ಬಣ್ಣದ ಬಲ್ಬುಗಳು, ಗಾಜಿನ ಹಿಂದೆ ತಿರುಗುವ ಚಕ್ರ, ನಾಣ್ಯ ಹಾಕಲು ಒಂದು ಸೀಳು. ಹತ್ತಿ ನಿಂತು ನಾಣ್ಯ ಹಾಕಿದರೆ ಟಕ್ಕೆಂದು ರಟ್ಟಿನ ಚೀಟಿ ಬೀಳುತ್ತಿತ್ತು. ಅದರಲ್ಲಿ ತೂಕದ ಅಂಕಿ, ಜೊತೆಗೆ ಭವಿಷ್ಯದ ಒಂದು ಸಾಲು, ಕೆಲವೊಮ್ಮೆ ಸಿನಿಮಾ ತಾರೆಯ ಚಿತ್ರ. ತೂಕಕ್ಕಿಂತ ಭವಿಷ್ಯ ಓದಲೆಂದೇ ನಾಣ್ಯಕ್ಕಾಗಿ ಅಪ್ಪನ ಅಂಗಿ ಜಗ್ಗಿದ ಮಕ್ಕಳು ಎಷ್ಟೋ! ಈಗ ಇಂಥ ಯಂತ್ರಗಳು ಅಪರೂಪವಾಗಿವೆ.

ಎಲ್ಲ ಸಲವೂ ಚೀಟಿ ಬೀಳುತ್ತಿರಲಿಲ್ಲ. ‘ನುಂಗಿಬಿಡ್ತು ನೋಡು!’ ಎಂಬುದು ಅದರ ಮುಂದೆ ನಿಂತವರ ಬಾಯಿಂದ ಬರುತ್ತಿದ್ದ ಮೊದಲ ಮಾತು. ಎರಡನೆಯದು ಮಾತಲ್ಲ, ಗುದ್ದು. ಗುದ್ದಿದಾಗ ಕೆಲವೊಮ್ಮೆ ಚೀಟಿ ಬೀಳುತ್ತಿದ್ದುದರಿಂದ ಗುದ್ದುವುದೇ ರಿಪೇರಿ ಎಂಬ ನಂಬಿಕೆಯೂ ಬೆಳೆದಿತ್ತು.

ಯಂತ್ರದ ಒಳಗೆ ನಡೆಯುವುದು ಬಹಳ ಸರಳ. ನಿಂತ ಹಲಗೆಯ ಕೆಳಗೆ ಸನ್ನೆಕೋಲುಗಳ ಜೋಡಣೆ ಇರುತ್ತದೆ. ಅರವತ್ತು ಕೆ.ಜಿ. ಭಾರ ಆ ಸನ್ನೆಗಳನ್ನು ದಾಟುತ್ತ ಕುಗ್ಗಿ, ಕೊನೆಗೆ ಒಂದು ಸರಳನ್ನು ಅಷ್ಟಿಷ್ಟು ಎಳೆಯುತ್ತದೆ. ಆ ಸರಳು ಸ್ಪ್ರಿಂಗನ್ನೋ ತೂಗುಗುಂಡನ್ನೋ ಕದಲಿಸುತ್ತದೆ. ಅದು ಎಷ್ಟು ಕದಲಿತೋ ಅಂಕಿಯ ಚಕ್ರ ಅಷ್ಟು ತಿರುಗುತ್ತದೆ. ನಾಣ್ಯ ಬಿದ್ದಾಗ ಆ ಅಂಕಿ ಚೀಟಿಯ ಮೇಲೆ ಒತ್ತುತ್ತದೆ. ಅಂದರೆ ತೂಗುವ ಕೆಲಸದಲ್ಲಿ ನಾಣ್ಯಕ್ಕೆ ಏನೂ ಪಾತ್ರವಿಲ್ಲ. ಅದು ಬಾಗಿಲಿನ ಚಿಲಕ ಮಾತ್ರ. ಚಕ್ರ ನಿಂತ ಮೇಲೆ ನಾಣ್ಯ ಹಾಕಿ ಎಂದು ಯಂತ್ರದ ಮೇಲೆ ಬರೆದಿರುತ್ತಿದ್ದುದಕ್ಕೂ ಕಾರಣ ಉಂಟು. ಹತ್ತಿದ ಕೂಡಲೇ ಹಲಗೆ ಇನ್ನೂ ಓಲಾಡುತ್ತಿರುತ್ತದೆ. ಓಲಾಡುವಾಗ ಅಂಕಿ ಒತ್ತಿದರೆ ತೂಕ ಸುಳ್ಳಾಗುತ್ತದೆ.

ಇದನ್ನು ಅರಿತವನು ಗುದ್ದುವುದಿಲ್ಲ, ಕೇಳುತ್ತಾನೆ. ನಾಣ್ಯ ಬಿದ್ದ ಸದ್ದು ಕೊನೆಯವರೆಗೆ ಕೇಳಿತೇ, ನಡುವೆ ನಿಂತಿತೇ? ನಡುವೆ ನಿಂತರೆ ದೋಷ ನಾಣ್ಯದ ದಾರಿಯಲ್ಲಿದೆ: ಸೊಟ್ಟ ನಾಣ್ಯ, ಹರಿದ ಚೀಟಿಯ ಚೂರು, ಧೂಳು. ಕೊನೆಯವರೆಗೆ ಬಿದ್ದೂ ಚೀಟಿ ಬರದಿದ್ದರೆ ದೋಷ ಚೀಟಿಯ ಗೂಡಿನಲ್ಲಿದೆ; ಮಳೆಗಾಲದಲ್ಲಿ ರಟ್ಟು ತೇವ ಹೀರಿ ದಪ್ಪಗಾದರೆ ಜಾರುವುದಿಲ್ಲ. ಚೀಟಿ ಬಂದೂ ತೂಕ ತಪ್ಪಿದ್ದರೆ ಹಲಗೆಯ ಕೆಳಗೆ ಕಸ ಸೇರಿರಬಹುದು, ಸನ್ನೆಯ ಅಂಚು ಸವೆದಿರಬಹುದು. ಮೂರು ಲಕ್ಷಣ, ಮೂರು ಜಾಗ. ಇನ್ನೂ ಒಂದು ತಿರುಪೂ ಬಿಚ್ಚಿಲ್ಲ, ಆಗಲೇ ಮುಕ್ಕಾಲು ಪಾಲು ಯಂತ್ರ ಅನುಮಾನದಿಂದ ಪಾರಾಯಿತು.

ಪೇಟೆ ಬೀದಿಯ ಪೆಟ್ಟಿಗೆಗಳು

ನಿಲ್ದಾಣದಿಂದ ಪೇಟೆಯ ಕಡೆ ನಡೆದರೆ ಎರಡನೆಯ ತಲೆಮಾರಿನ ನೆನಪು. 1990ರ ದಶಕದಲ್ಲಿ ಕರ್ನಾಟಕದ ಪಟ್ಟಣಗಳ ಬಸ್ ನಿಲ್ದಾಣ, ಥಿಯೇಟರುಗಳ ಆಸುಪಾಸಿನಲ್ಲಿ ವಿಡಿಯೋ ಗೇಮ್ ಅಂಗಡಿಗಳು ತಲೆಯೆತ್ತಿದ್ದವು. ಆಳೆತ್ತರದ ಮರದ ಪೆಟ್ಟಿಗೆ, ಒಳಗೊಂದು ಟಿ.ವಿ. ಪರದೆ, ಮುಂದೆ ಹಿಡಿ ಮತ್ತು ಗುಂಡಿಗಳು. ನಾಣ್ಯವನ್ನೋ ಅಂಗಡಿಯವನು ಕೊಟ್ಟ ಬಿಲ್ಲೆಯನ್ನೋ ಹಾಕಿದರೆ ಆಟ ಶುರು. ಜಪಾನಿನಲ್ಲಿ 1978ರಲ್ಲಿ ಬಂದ ‘ಸ್ಪೇಸ್ ಇನ್‌ವೇಡರ್ಸ್’, 1980ರ ‘ಪ್ಯಾಕ್-ಮ್ಯಾನ್’, 1991ರ ‘ಸ್ಟ್ರೀಟ್ ಫೈಟರ್ 2’ ಹೀಗೆ ದೇಶದೇಶ ಸುತ್ತಿದ ಆಟಗಳು. ಮನೆಗೆ ತಡವಾಗಿ ಬಂದ ಮಗನ ಜೇಬು ಖಾಲಿಯಾಗಿದ್ದರೆ ಅಮ್ಮನಿಗೆ ಕಾರಣ ಕೇಳಬೇಕಾಗಿಯೇ ಇರಲಿಲ್ಲ.

ಈ ಪೆಟ್ಟಿಗೆಗಳಿಗೆ ಒಬ್ಬ ಹಿರಿಯಣ್ಣನೂ ಉಂಟು. ಅದು ಪಿನ್‌ಬಾಲ್. ನಮ್ಮ ಊರುಗಳಲ್ಲಿ ಈ ಯಂತ್ರ ಅಪರೂಪ. ಆದರೆ ಮೊಳೆ ಹೊಡೆದ ಹಲಗೆಯ ಮೇಲೆ ಗೋಲಿ ಚಿಮ್ಮಿಸಿ ಗುಳಿಗೆ ಬೀಳಿಸುವ ಆಟಿಕೆಯನ್ನು ಜಾತ್ರೆಯಲ್ಲಿ ಕೊಂಡವರು ಎಷ್ಟೋ ಮಂದಿ. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯಂಥ ಕಡೆ ಆಟಿಕೆ ಸಾಲಿನ ಮುಂದೆ ಮಕ್ಕಳನ್ನು ಕದಲಿಸುವುದು ಸುಲಭವಲ್ಲ. ಪಿನ್‌ಬಾಲ್ ಆ ಹಲಗೆಯ ಆಟದ್ದೇ ದೊಡ್ಡ ರೂಪ. ಇಳಿಜಾರಾದ ಮೇಜಿನ ಮೇಲೆ ಸುಮಾರು 27 ಮಿ.ಮೀ. ವ್ಯಾಸದ ಉಕ್ಕಿನ ಗುಂಡು ಉರುಳುತ್ತದೆ. ಅದು ಕೆಳಗೆ ಜಾರದಂತೆ ಎರಡು ಪುಟ್ಟ ತೋಳುಗಳು ಬಡಿದು ಮೇಲಕ್ಕೆ ಕಳಿಸುತ್ತವೆ. ಆ ತೋಳುಗಳು ಅಮೆರಿಕದ ‘ಹಂಪ್ಟಿ ಡಂಪ್ಟಿ’ ಎಂಬ ಯಂತ್ರದೊಡನೆ 1947ರಲ್ಲಿ ಬಂದವು.

ಪಾಲಕರ ಚಿಂತೆಯೂ ಹೊಸದಲ್ಲ. ಪಿನ್‌ಬಾಲ್ ಜೂಜಿನ ಸೋದರ ಎಂದು ನ್ಯೂಯಾರ್ಕ್ ನಗರ 1942ರಲ್ಲಿ ಅದನ್ನು ನಿಷೇಧಿಸಿತು. ಪೊಲೀಸರು ಸುತ್ತಿಗೆ ಹಿಡಿದು ಯಂತ್ರಗಳನ್ನು ಒಡೆದರು. 1976ರಲ್ಲಿ ರೋಜರ್ ಶಾರ್ಪ್ ಎಂಬ ಆಟಗಾರ ನಗರಸಭೆಯ ಸದಸ್ಯರ ಎದುರೇ ಆಡಿ, ಗುಂಡು ಯಾವ ದಾರಿಯಲ್ಲಿ ಹೋಗುತ್ತದೆಂದು ಮೊದಲೇ ಹೇಳಿ, ಹಾಗೆಯೇ ಕಳಿಸಿ ತೋರಿಸಿದ. ಇದು ಅದೃಷ್ಟವಲ್ಲ, ಕೈಚಳಕ ಎಂದು ಒಪ್ಪಿ ನಿಷೇಧ ತೆಗೆದರು. ನಾಣ್ಯ ಸುರಿದು ಹೊತ್ತು ಕಳೆಯುವುದು ಒಳ್ಳೆಯದೆಂದು ಇದರ ಅರ್ಥವಲ್ಲ. ಆದರೆ ಪೆಟ್ಟಿಗೆಯ ಮುಂದೆ ನಿಂತು ಆಡುವ ಹುಡುಗ ಬೇರೆ, ಅದರ ಹಿಂಬಾಗಿಲು ತೆರೆದಾಗ ಇಣುಕುವ ಹುಡುಗ ಬೇರೆ ಎಂಬುದನ್ನು ಪಾಲಕರು ಗುರುತಿಸಬೇಕು.

ಹಿಂಬಾಗಿಲು ತೆರೆದಾಗ

ಹಿಂಬಾಗಿಲು ತೆರೆದರೆ ಮೊದಲು ಕಾಣುವುದು ತಂತಿಗಳ ಜಡೆ. ಹೆದರುವಂಥದ್ದೇನಿಲ್ಲ. ಒಳಗಿರುವುದು ಮುಖ್ಯವಾಗಿ ಐದೇ ಭಾಗ: ಕರೆಂಟು ಇಳಿಸಿ ಕೊಡುವ ಪವರ್ ಸಪ್ಲೈ, ಆಟ ತುಂಬಿದ ಬೋರ್ಡು, ಪರದೆ, ಹಿಡಿ ಮತ್ತು ಗುಂಡಿಗಳ ಸ್ವಿಚ್ಚು, ನಾಣ್ಯದ ದ್ವಾರ. ಅನುಭವಿ ಮೆಕ್ಯಾನಿಕ್ ಇವುಗಳ ಹತ್ತಿರ ಹೋಗುವ ಕ್ರಮವನ್ನು ಗಮನಿಸಬೇಕು. ಅವನು ಮೊದಲು ಮಾಲೀಕನನ್ನು ಕೇಳುತ್ತಾನೆ: ಏನಾಗುತ್ತಿದೆ, ಏನಾಗುತ್ತಿಲ್ಲ? ಯಾವಾಗಿನಿಂದ? ಅದಕ್ಕೆ ಮೊದಲು ಪೆಟ್ಟಿಗೆಯನ್ನು ಎತ್ತಿ ಇಟ್ಟಿರಾ, ಕರೆಂಟು ಹೋಗಿ ಬಂತಾ? ವೈದ್ಯರು ನಾಡಿ ಹಿಡಿಯುವ ಮೊದಲು ಕೇಳುವುದೂ ಇದನ್ನೇ ಅಲ್ಲವೇ?

ಪರದೆಯಲ್ಲಿ ಚಿತ್ರವಿಲ್ಲ, ಸದ್ದು ಮಾತ್ರ ಇದೆ ಎಂದರೆ ಬೋರ್ಡು ಬದುಕಿದೆ, ಪರದೆಯ ಕಡೆ ನೋಡು ಎಂದರ್ಥ. ಚಿತ್ರವೆಲ್ಲ ಕುಗ್ಗಿ ನಡುವೆ ಒಂದು ಅಡ್ಡಗೆರೆ ಮಾತ್ರ ಉಳಿದಿದ್ದರೆ ಚಿತ್ರವನ್ನು ಮೇಲೆ ಕೆಳಗೆ ಹರಡುವ ಭಾಗ ಕೈಕೊಟ್ಟಿದೆ. ಕೆಂಪು ಬಣ್ಣವೊಂದೇ ಕಾಣದಿದ್ದರೆ ಆ ಬಣ್ಣದ ತಂತಿ ಸಡಿಲವಾಗಿರಬಹುದು. ಆಟ ನಡುನಡುವೆ ತಾನಾಗಿ ನಿಂತು ಮೊದಲಿನಿಂದ ಶುರುವಾಗುತ್ತಿದ್ದರೆ ಕರೆಂಟನ್ನು ಅಳೆಯಬೇಕು.

ಈ ಕೊನೆಯ ದೋಷದಲ್ಲಿ ವಿದ್ಯಾರ್ಥಿಗಳಿಗೆ ಒಂದು ಒಳ್ಳೆಯ ಪಾಠವಿದೆ. ಬೋರ್ಡಿನ ಮೇಲಿನ ಹಳೆಯ ಚಿಪ್ಪುಗಳಿಗೆ 5 ವೋಲ್ಟ್ ಬೇಕು. 4.75ಕ್ಕಿಂತ ಕಡಿಮೆಯಾದರೆ ಅವು ದಾರಿ ತಪ್ಪುತ್ತವೆ, 5.25 ಮೀರಬಾರದು. ಮಲ್ಟಿಮೀಟರನ್ನು ಪವರ್ ಸಪ್ಲೈಗೆ ಹಿಡಿದರೆ ಸರಿಯಾಗಿ 5 ತೋರಿಸುತ್ತದೆ. ಹೊಸಬ ‘ಕರೆಂಟು ಸರಿಯಿದೆ’ ಎಂದು ಬೋರ್ಡನ್ನೇ ಬದಲಿಸಲು ಹೊರಡುತ್ತಾನೆ. ಅನುಭವಿ ಅದೇ ಮೀಟರನ್ನು ಬೋರ್ಡಿನ ಅಂಚಿಗೆ ಹಿಡಿಯುತ್ತಾನೆ. ಅಲ್ಲಿ 4.6! ಹಾಗಾದರೆ ಉಳಿದದ್ದು ಎಲ್ಲಿ ಸೋರಿತು? ತಂತಿ ಬಂದು ಸೇರುವ ಕನೆಕ್ಟರಿನಲ್ಲಿ. ವರ್ಷಗಟ್ಟಲೆಯ ಧೂಳು, ಕಿಲುಬು ಸೇರಿ ಆ ಸಂಧಿ ಕರೆಂಟಿಗೆ ಅಡ್ಡಗಾಲು ಹಾಕಿದೆ. ಮಾಡಬೇಕಾದದ್ದು ಸ್ವಿಚ್ ಆರಿಸಿ, ಬೋರ್ಡನ್ನು ಎಳೆದು, ಅದರ ಅಂಚಿನ ತಾಮ್ರದ ಪಟ್ಟಿಗಳನ್ನು ಶಾಲೆಯ ಮಕ್ಕಳು ಬಳಸುವ ರಬ್ಬರಿನಿಂದ ಮೆಲ್ಲಗೆ ಉಜ್ಜುವುದು. ಸಾವಿರಾರು ರೂಪಾಯಿಯ ಬೋರ್ಡು ಎರಡು ರೂಪಾಯಿಯ ರಬ್ಬರಿನಿಂದ ಉಳಿಯುತ್ತದೆ. ಅಳೆಯುವುದು ಮುಖ್ಯ, ಎಲ್ಲಿ ಅಳೆಯಬೇಕೆಂಬುದು ಅದಕ್ಕಿಂತ ಮುಖ್ಯ.

ಇನ್ನೊಂದು ಉಪಾಯ ಗಣಿತದ್ದು. ಕರೆಂಟು ಹಾದುಹೋಗುವ ದಾರಿಯಲ್ಲಿ 16 ಭಾಗಗಳಿವೆ, ಒಂದು ಕೆಟ್ಟಿದೆ ಎಂದುಕೊಳ್ಳಿ. ಮೊದಲಿನಿಂದ ಒಂದೊಂದೇ ನೋಡುತ್ತ ಹೋದರೆ ಕೊನೆಯವರೆಗೂ ಹುಡುಕಬೇಕಾಗಬಹುದು. ಅದರ ಬದಲು ನಟ್ಟನಡುವೆ ಮೀಟರ್ ಹಿಡಿಯಿರಿ. ಅಲ್ಲಿಯವರೆಗೆ ಕರೆಂಟು ಬಂದಿದ್ದರೆ ಮೊದಲ ಎಂಟೂ ಸರಿ. ಉಳಿದ ಎಂಟರ ನಡುವೆ ಮತ್ತೆ ಹಿಡಿಯಿರಿ. 16 ಎಂಟಾಗಿ, ನಾಲ್ಕಾಗಿ, ಎರಡಾಗಿ, ಒಂದಾಗುತ್ತದೆ. ನಾಲ್ಕೇ ಅಳತೆಯಲ್ಲಿ ಕಳ್ಳ ಸಿಕ್ಕಿಬೀಳುತ್ತಾನೆ. ತರಗತಿಯಲ್ಲಿ ಒಣಗಿದಂತೆ ಕಂಡ ಲೆಕ್ಕ ಇಲ್ಲಿ ಕೂಲಿ ಉಳಿಸುವ ವಿದ್ಯೆ.

ಪಿನ್‌ಬಾಲ್ ಯಂತ್ರದ ಹೊಟ್ಟೆಯೂ ಇಂಥದೇ ಶಾಲೆ. ಹಳೆಯ ಯಂತ್ರಗಳಲ್ಲಿ ತೋಳನ್ನು ಎತ್ತುವ ಕಾಯಿಲಿನಲ್ಲಿ ಎರಡು ಸುತ್ತು ತಂತಿ: ಒಂದು ಬಲವಾಗಿ ಎಳೆಯಲು, ಇನ್ನೊಂದು ಎತ್ತಿದ್ದನ್ನು ಹಿಡಿದಿಡಲು. ತೋಳು ಮೇಲೆ ತಲುಪಿದೊಡನೆ ಒಂದು ಚಿಕ್ಕ ಸ್ವಿಚ್ಚು ಬಲವಾದ ಸುತ್ತನ್ನು ಕಡಿಯಬೇಕು. ಅದು ಕಡಿಯದಿದ್ದರೆ ಕಾಯಿಲು ಸುಡುತ್ತದೆ. ಅದಕ್ಕೆ ಕಿಲುಬು ಹಿಡಿದಿದ್ದರೆ ತೋಳಿನಲ್ಲಿ ಬಲವೇ ಇರುವುದಿಲ್ಲ. ಸುಟ್ಟ ಕಾಯಿಲನ್ನಷ್ಟೇ ಬದಲಿಸಿ, ಸುಟ್ಟದ್ದಕ್ಕೆ ಕಾರಣವಾದ ಸ್ವಿಚ್ಚನ್ನು ಹಾಗೇ ಬಿಟ್ಟರೆ ಹೊಸ ಕಾಯಿಲೂ ಅದೇ ದಾರಿ ಹಿಡಿಯುತ್ತದೆ. ಕೆಟ್ಟದ್ದು ಯಾವುದು ಎಂಬುದು ಒಂದು ಪ್ರಶ್ನೆ, ಯಾಕೆ ಕೆಟ್ಟಿತು ಎಂಬುದು ಇನ್ನೊಂದು.

1970ರ ದಶಕದ ಕೊನೆಯ ಹೊತ್ತಿಗೆ ಬಂದ ಎಲೆಕ್ಟ್ರಾನಿಕ್ ಪಿನ್‌ಬಾಲ್‌ಗಳಲ್ಲಿ ಹತ್ತಾರು ಸ್ವಿಚ್ಚುಗಳನ್ನು ಪರೀಕ್ಷಾ ಕೊಠಡಿಯ ಮಕ್ಕಳಂತೆ ಅಡ್ಡಸಾಲು, ಉದ್ದಸಾಲಿನಲ್ಲಿ ಕೂರಿಸಿರುತ್ತಾರೆ. ಎಂಟು ಅಡ್ಡಸಾಲು, ಎಂಟು ಉದ್ದಸಾಲು ಇದ್ದರೆ 16 ತಂತಿಗಳಲ್ಲೇ 64 ಸ್ವಿಚ್ಚುಗಳನ್ನು ಗುರುತಿಸಬಹುದು. ಪ್ರತಿ ಸ್ವಿಚ್ಚಿನ ಜೊತೆ ಒಂದು ಡಯೋಡ್ ಕಾವಲಿರುತ್ತದೆ. ಆ ಡಯೋಡ್ ಕೆಟ್ಟರೆ ಒಬ್ಬನು ಕೈ ಎತ್ತಿದಾಗ ಬೇರೊಬ್ಬನ ಹಾಜರಿ ಬೀಳುತ್ತದೆ! ಒಂದೇ ಸಾಲಿನ ಸ್ವಿಚ್ಚುಗಳೆಲ್ಲ ಒಟ್ಟಿಗೆ ಸತ್ತರೆ ಎಂಟೂ ಕೆಟ್ಟಿವೆ ಎಂದು ತಿಳಿಯಬಾರದು. ಆ ಸಾಲಿನ ಒಂದು ತಂತಿ ತುಂಡಾಗಿದೆ ಎಂದು ತಿಳಿಯಬೇಕು.

ಇಲ್ಲೊಂದು ಎಚ್ಚರಿಕೆಯ ಮಾತು ಅಗತ್ಯ. ಹಳೆಯ ಪಿಕ್ಚರ್ ಟ್ಯೂಬಿನ ಮೇಲೆ ಇಪ್ಪತ್ತು ಸಾವಿರ ವೋಲ್ಟಿನ ಆಸುಪಾಸಿನ ಒತ್ತಡ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಒಳಗೆ ಉಳಿದಿರಬಲ್ಲದು. ಪರದೆಯ ಭಾಗವನ್ನು ಮಕ್ಕಳು ಮುಟ್ಟಲೇಬಾರದು. ಅದು ಪಳಗಿದ ಮೆಕ್ಯಾನಿಕ್‌ನ ಕೆಲಸ. ಕಲಿಯುವವರು ಬ್ಯಾಟರಿಯಿಂದ ನಡೆಯುವ ವಸ್ತುಗಳಿಂದ ಶುರು ಮಾಡುವುದು ಕ್ಷೇಮ.

ಬಾತಿ ಗುಡ್ಡದ ದಾರಿಯಲ್ಲಿ ನಾಣ್ಯದ ಕಥೆ

ಹರಿಹರದ ಬಸ್ಸು ಹಿಡಿದರೆ ಸ್ವಲ್ಪ ಹೊತ್ತಿಗೇ ಬಾತಿಯ ಗುಡ್ಡ ಕಾಣುತ್ತದೆ. ಜೇಬಿನ ಚಿಲ್ಲರೆಯನ್ನು ಹೊರಗೆ ತೆಗೆದು ನೋಡಲು ಇದು ಒಳ್ಳೆಯ ಸಮಯ.

ಒಂದು ರೂಪಾಯಿಯ ನಾಣ್ಯ ಎಷ್ಟು ಸಲ ವೇಷ ಬದಲಿಸಿದೆ! 1980ರ ದಶಕದ ನಾಣ್ಯ 26 ಮಿ.ಮೀ. ಅಗಲ, 6 ಗ್ರಾಂ ತೂಕದ ತಾಮ್ರ-ನಿಕ್ಕಲ್ ಬಿಲ್ಲೆ. 1992ರಿಂದ ಅದು 25 ಮಿ.ಮೀ., 4.85 ಗ್ರಾಂನ ಸ್ಟೇನ್‌ಲೆಸ್ ಸ್ಟೀಲ್ ಆಯಿತು. 2011ರಲ್ಲಿ ರೂಪಾಯಿ ಚಿಹ್ನೆಯೊಡನೆ ಬಂದದ್ದು ಸುಮಾರು 22 ಮಿ.ಮೀ., 3.79 ಗ್ರಾಂ. ಅದೇ 2011ರ ಜೂನ್ 30ರಿಂದ 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆಯೇ ನಿಂತಿತು.

ಮನುಷ್ಯನಿಗೆ ಇದು ಚಿಕ್ಕ ಬದಲಾವಣೆ. ಯಂತ್ರಕ್ಕೆ ಹಾಗಲ್ಲ. ಅದಕ್ಕೆ ಓದು ಬರಹ ಬಾರದು. ಅಗಲ, ದಪ್ಪ, ತೂಕ, ಲೋಹ ಇವೇ ಅದರ ಅಕ್ಷರಗಳು. ಚಿಕ್ಕ ಬಿಲ್ಲೆ ಸೀಳಿನಿಂದ ಪಕ್ಕಕ್ಕೆ ಬಿದ್ದುಹೋಗುತ್ತದೆ, ಹಗುರವಾದದ್ದು ಸನ್ನೆಯನ್ನು ಒತ್ತಲಾರದು. ಮೋಸದ ಕಬ್ಬಿಣದ ಬಿಲ್ಲೆಯನ್ನು ಹಿಡಿಯಲೆಂದು ನಾಣ್ಯದ ದಾರಿಯಲ್ಲಿ ಅಯಸ್ಕಾಂತ ಇಡುವ ಪದ್ಧತಿ ಉಂಟು. ತಾಮ್ರ-ನಿಕ್ಕಲ್ ನಾಣ್ಯ ಅಯಸ್ಕಾಂತಕ್ಕೆ ಅಂಟುವುದಿಲ್ಲ. ನಮ್ಮ ಸ್ಟೀಲ್ ನಾಣ್ಯ ಅಂಟುತ್ತದೆ. ಹಾಗಾಗಿ ಅಂಥ ಅಯಸ್ಕಾಂತವಿರುವ ಹಳೆಯ ದ್ವಾರಕ್ಕೆ ಹೊಸ ನಾಣ್ಯ ಕಳ್ಳನಂತೆಯೇ ಕಾಣುತ್ತದೆ. ಬೇಕಾದರೆ ಮನೆಯಲ್ಲಿ ಒಂದು ಅಯಸ್ಕಾಂತ ಹಿಡಿದು ಮಕ್ಕಳೇ ಪರೀಕ್ಷಿಸಬಹುದು.

ಪಟ್ಟಣಗಳ ಅಂಗಡಿಗಳ ಮುಂದೆ ನೇತಾಡುತ್ತಿದ್ದ ಒಂದು ರೂಪಾಯಿ ಫೋನುಗಳಿಗೂ ಇದೇ ಪಾಡು. ಆ ಕಡೆಯವರು ‘ಹಲೋ’ ಎಂದ ಮೇಲೆ ನಾಣ್ಯ ಹಾಕಬೇಕು. ನಾಣ್ಯ ಸಿಕ್ಕಿಕೊಂಡರೆ ಇವರ ಮಾತು ಅವರಿಗೆ ಕೇಳಿಸದು. ಮೊಬೈಲ್ ಬಂದ ಮೇಲೆ ಆ ಡಬ್ಬಿಗಳು ಮರೆಯಾದವು. ಕಾಲ ಎಷ್ಟು ತಿರುಗಿತೆಂದರೆ, ಮೊಬೈಲಿನಲ್ಲಿ ಕ್ಯೂಆರ್ ಕೋಡ್ ತೋರಿಸಿದರೆ ನಾಣ್ಯ ಕೊಡುವ ಯಂತ್ರಗಳನ್ನು 12 ನಗರಗಳಲ್ಲಿ ಪ್ರಯೋಗಿಸುವುದಾಗಿ ರಿಸರ್ವ್ ಬ್ಯಾಂಕ್ 2023ರ ಫೆಬ್ರವರಿಯಲ್ಲಿ ಪ್ರಕಟಿಸಿತು. ನಾಣ್ಯ ನುಂಗುತ್ತಿದ್ದ ಯಂತ್ರ ಈಗ ನಾಣ್ಯ ಉಗುಳುತ್ತದೆ. ಆದರೆ ಅದರೊಳಗೂ ನಾಣ್ಯ ಜಾರುವ ದಾರಿಯೊಂದು ಇದ್ದೇ ಇರಬೇಕು, ಆ ದಾರಿಯಲ್ಲಿ ಎಂದಾದರೂ ಒಂದು ನಾಣ್ಯ ಸಿಕ್ಕಿಕೊಳ್ಳಲೇಬೇಕು!

ಯಂತ್ರಗಳ ತಾಯಿ

ಹರಿಹರಕ್ಕೆ ಕಾಲಿಟ್ಟ ಮೇಲೆ ಒಂದು ಹೆಸರು ಹೇಳದೆ ಮುಂದೆ ಹೋಗಲಾಗದು. ಮೈಸೂರು ಕಿರ್ಲೋಸ್ಕರ್. 1941ರಲ್ಲಿ ಸ್ಥಾಪನೆಯಾದ ಈ ಕಂಪನಿ ತಯಾರಿಸಿದ್ದು ಲೇತುಗಳನ್ನು. ಕಾರ್ಖಾನೆಯ ಬಡಾವಣೆಗೆ ಯಂತ್ರಾಪುರ ಎಂದೇ ಹೆಸರು ಬಿತ್ತು. ಇಲ್ಲಿನ ‘ಎಂಟರ್‌ಪ್ರೈಸ್’ ಲೇತುಗಳು ದೇಶದ ಮೂಲೆಮೂಲೆಯ ವರ್ಕ್‌ಶಾಪು, ತಾಂತ್ರಿಕ ಶಾಲೆಗಳನ್ನು ಸೇರಿದವು. ಲೇತನ್ನು ಯಂತ್ರಗಳ ತಾಯಿ ಎನ್ನುತ್ತಾರೆ. ಬೇರೆ ಯಂತ್ರಗಳ ಅಂಗಾಂಗಗಳು ಹುಟ್ಟುವುದು ಅದರ ಮೇಲೆಯೇ.

ನಾಣ್ಯದ ಯಂತ್ರಕ್ಕೂ ಲೇತಿಗೂ ಎಲ್ಲಿಯ ನಂಟು ಎಂದು ಕೇಳಬಹುದು. ಹಳೆಯ ಯಂತ್ರ ಕೆಟ್ಟಾಗ ದೊಡ್ಡ ತಲೆನೋವು ದೋಷ ಹುಡುಕುವುದಲ್ಲ, ಬಿಡಿಭಾಗ ಹುಡುಕುವುದು. ತೂಕದ ಯಂತ್ರದ ಸನ್ನೆಯ ಪಿನ್ನು ಸವೆದಿದೆ. ಮಾಡಿದ ಕಂಪನಿ ಮುಚ್ಚಿ ಎಷ್ಟೋ ವರ್ಷ. ಆಟದ ಹಿಡಿಯ ಬುಷ್ ಸಡಿಲವಾಗಿದೆ. ಅಂಥದ್ದು ಪೇಟೆಯಲ್ಲಿ ಸಿಗದು. ಆಗ ಸವೆದ ಪಿನ್ನನ್ನು ಹಿಡಿದು ಲೇತಿನ ವರ್ಕ್‌ಶಾಪಿಗೆ ಹೋಗಬೇಕು. ಅಲ್ಲಿ ಕೇಳುವುದು ಕಂಪನಿಯ ಹೆಸರನ್ನಲ್ಲ, ಅಳತೆಯನ್ನು. ಸವೆಯದ ತುದಿಯಲ್ಲಿ ಮೈಕ್ರೋಮೀಟರ್ ಹಿಡಿದು, ಮಿಲಿಮೀಟರಿನ ನೂರರ ಒಂದು ಭಾಗದವರೆಗೆ ನೋಡಿ, ಸರಳಿನ ತುಂಡಿನಿಂದ ಹೊಸ ಪಿನ್ನು ಹೆರೆದು ಕೊಡುತ್ತಾರೆ. ಸವೆದ ಜಾಗದಲ್ಲಿ ಅಳೆದರೆ ಸವೆತವೇ ಹೊಸ ಪಿನ್ನಿಗೂ ಬರುತ್ತದೆ. ಮತ್ತೆ ಅದೇ ಮಾತು: ಎಲ್ಲಿ ಅಳೆಯಬೇಕು?

2000ರ ದಶಕದ ಆರಂಭದಲ್ಲಿ ಹರಿಹರದ ಈ ಕಾರ್ಖಾನೆ ಮುಚ್ಚಿತು. ಅದಕ್ಕೂ ಮೊದಲೇ ದಾವಣಗೆರೆಯ ಗಿರಣಿಗಳು ಒಂದೊಂದಾಗಿ ಸದ್ದಡಗಿಸಿದ್ದವು. ಸಂಬಳ ನಿಂತ ಮನೆಗಳ ಕಷ್ಟ ಆ ಊರುಗಳಿಗೇ ಗೊತ್ತು. ಅದರ ಜೊತೆಗೆ ಇನ್ನೊಂದು ನಷ್ಟ ಇದೆ. ಲೇತಿನ ಸದ್ದು ಕೇಳಿಯೇ ಬೇರಿಂಗ್ ಹೋಗಿದೆ ಎನ್ನಬಲ್ಲ ಕಿವಿ, ಬೆರಳಿನಿಂದ ಸವರಿಯೇ ನುಣುಪು ಹೇಳಬಲ್ಲ ಕೈ ತಯಾರಾಗಲು ಎಷ್ಟೋ ವರ್ಷ ಬೇಕು. ಅಂಥವರಿಂದ ಮುಂದಿನವರು ಕಲಿಯದಿದ್ದರೆ ಆ ವಿದ್ಯೆ ಒಂದೇ ತಲೆಮಾರಿಗೆ ಮುಗಿಯುತ್ತದೆ. ಮುಚ್ಚಿದ ಕಾರ್ಖಾನೆಯನ್ನು ಹಣ ಹಾಕಿ ತೆರೆಯಬಹುದು. ಮರೆತ ಕೈಕೆಲಸವನ್ನು ಹಣ ಕೊಟ್ಟು ತರಲಾಗದು.

ಅರ್ಧ ಹರಿ, ಅರ್ಧ ಹರ

ಯಾತ್ರೆಯ ಕೊನೆಗೆ ಹರಿಹರೇಶ್ವರನ ಗುಡಿ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ್ದು. ಒಳಗಿನ ಮೂರ್ತಿಯ ಒಂದು ಪಾರ್ಶ್ವ ಹರಿ, ಇನ್ನೊಂದು ಪಾರ್ಶ್ವ ಹರ. ಹೊಳಪು ಕೊಟ್ಟ ಕಂಬಗಳನ್ನು ಮುಟ್ಟಿ ನೋಡಿದರೆ ತಿರುಗಣಿಯ ಮೇಲೆ ಕಲ್ಲು ತಿರುಗಿಸಿ ಕಡೆದಂಥ ನುಣುಪು. ಲೇತಿನ ಊರಿನಲ್ಲಿ ಇಂಥ ಕಂಬಗಳಿರುವುದು ಕಾಕತಾಳೀಯವಾದರೂ ನೋಡಲು ಖುಷಿ.

ನಾಣ್ಯದ ಯಂತ್ರವೂ ಎರಡು ಪಾರ್ಶ್ವದ್ದೇ. ಅರ್ಧ ಕಬ್ಬಿಣ, ಅರ್ಧ ಕರೆಂಟು. ಸನ್ನೆ, ಸ್ಪ್ರಿಂಗ್, ಪಿನ್ನು ಒಂದು ಕಡೆ. ತಂತಿ, ಬೋರ್ಡು, ಬಲ್ಬು ಇನ್ನೊಂದು ಕಡೆ. ಬಹಳಷ್ಟು ದೋಷ ಸಿಗುವುದು ಇವೆರಡೂ ಕೂಡುವ ಗೆರೆಯ ಮೇಲೆ: ಸ್ವಿಚ್ಚಿನ ತುದಿ, ಕನೆಕ್ಟರಿನ ಹಲ್ಲು, ಬೆಸುಗೆ ಬಿಟ್ಟ ಸಂಧಿ. ಮೆಕ್ಯಾನಿಕ್‌ಗಳು ‘ಡ್ರೈ ಸೋಲ್ಡರ್’ ಎನ್ನುವುದು ಇಂಥ ಬಿಟ್ಟ ಬೆಸುಗೆಗೇ. ಗುದ್ದಿದಾಗ ಯಂತ್ರ ಒಮ್ಮೊಮ್ಮೆ ನಡೆಯುವ ಗುಟ್ಟೂ ಇದೇ. ಅದುರಿದಾಗ ಬಿಟ್ಟ ಸಂಧಿ ಗಳಿಗೆ ಹೊತ್ತು ಕೂಡುತ್ತದೆ, ಮತ್ತೆ ಬಿಡುತ್ತದೆ. ಗುದ್ದಿದ್ದು ರಿಪೇರಿಯಲ್ಲ, ದೋಷ ಸಂಧಿಯಲ್ಲಿದೆ ಎಂಬ ಸುಳಿವು ಮಾತ್ರ.

ಓದಿನಲ್ಲೂ ಇಂಥ ಗೆರೆ ಇದೆ. ದಾವಣಗೆರೆಯಲ್ಲಿ ಓದಿಗೆ ಕೊರತೆಯಿಲ್ಲ. ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು ಆರಂಭವಾದದ್ದು 1951ರಲ್ಲಿ, ಬಾಪೂಜಿ ತಾಂತ್ರಿಕ ಕಾಲೇಜು 1979ರಲ್ಲಿ. ಪುಸ್ತಕದ ವಿದ್ಯೆ ಒಂದು ಪಾರ್ಶ್ವ, ಕೈಯ ವಿದ್ಯೆ ಇನ್ನೊಂದು ಪಾರ್ಶ್ವ. ಓಮ್‌ನ ನಿಯಮವನ್ನು ಬರೆದು ಪೂರ್ತಿ ಅಂಕ ಪಡೆದವನು ಮೀಟರ್ ಹಿಡಿಯಲು ಅಂಜಿದರೆ, ಮೀಟರ್ ಹಿಡಿಯುವ ಹುಡುಗನಿಗೆ ಆ ನಿಯಮ ಗೊತ್ತೇ ಇಲ್ಲದಿದ್ದರೆ, ಸಂಧಿ ಬಿಟ್ಟಿದೆ ಎಂದೇ ಅರ್ಥ. ಐ.ಟಿ.ಐ., ಡಿಪ್ಲೊಮಾ ಓದುವವರು ಕಡಿಮೆ, ಎಂಜಿನಿಯರಿಂಗ್ ಓದುವವರು ಹೆಚ್ಚು ಎಂಬ ಎಣಿಕೆ ಎಷ್ಟೋ ಮನೆಗಳಲ್ಲಿ ಇದೆ. ಕೆಟ್ಟ ಯಂತ್ರಕ್ಕೆ ಆ ಎಣಿಕೆ ಗೊತ್ತಿಲ್ಲ. ಅದು ಯಾರು ಸರಿಯಾಗಿ ಪ್ರಶ್ನೆ ಕೇಳುತ್ತಾರೋ ಅವರಿಗೆ ಉತ್ತರ ಕೊಡುತ್ತದೆ.

ಈ ಮಾತಿಗೆ ಈಗ ಸರ್ಕಾರದ ಮಟ್ಟದಲ್ಲೂ ಬೆಲೆ ಬಂದಿದೆ. ಕೊಂಡ ವಸ್ತುವನ್ನು ಎಸೆಯದೆ ರಿಪೇರಿ ಮಾಡಿಸಿಕೊಳ್ಳುವ ಹಕ್ಕಿಗೆ ನೆರವಾಗಲೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ಒಂದು ಪೋರ್ಟಲ್ಲನ್ನೇ ತೆರೆಯಿತು. ಹಕ್ಕು ಕಾಗದದ ಮೇಲೆ ಬಂದರೆ ಸಾಲದು, ರಿಪೇರಿ ಮಾಡುವ ಕೈಗಳು ಊರಿನಲ್ಲಿ ಇರಬೇಕು.

ಸಂಜೆಯ ಬಸ್ಸಿಗೆ ಮರಳುವಾಗ ಪಾಲಕರು ಮಕ್ಕಳಿಗೆ ಒಂದು ಮಾತು ಕೊಡಬಹುದು. ಮನೆಯಲ್ಲಿ ಕೆಟ್ಟು ಕೂತ ಟಾರ್ಚನ್ನೋ ಗೋಡೆ ಗಡಿಯಾರವನ್ನೋ ಗುಜರಿಗೆ ಹಾಕುವ ಮೊದಲು ಒಂದು ಭಾನುವಾರ ಅದನ್ನು ಅವರ ಕೈಗೆ ಕೊಡುವುದು. ಮೊದಲು ನೋಡು, ಆಮೇಲೆ ಕೇಳು, ಆಮೇಲೆ ಅಳೆ, ಕೊನೆಗೆ ಬಿಚ್ಚು. ಒಂದು ಸಲಕ್ಕೆ ಒಂದನ್ನೇ ಬದಲಿಸು. ತೆಗೆದ ತಿರುಪುಗಳನ್ನು ತೆಗೆದ ಕ್ರಮದಲ್ಲೇ ತಟ್ಟೆಯಲ್ಲಿ ಜೋಡಿಸಿಡು. ಇಷ್ಟೇ ನಿಯಮ. ಗಡಿಯಾರ ನಡೆದರೆ ಸಂತೋಷ. ನಡೆಯದಿದ್ದರೂ ನಷ್ಟವೇನಿಲ್ಲ, ಅದು ಹೇಗೂ ಗುಜರಿಗೆ ಹೊರಟಿತ್ತು. ಮುಂದೆ ಎಲ್ಲಾದರೂ ಯಂತ್ರವೊಂದು ನಾಣ್ಯ ನುಂಗಿದಾಗ ಆ ಹುಡುಗನೋ ಹುಡುಗಿಯೋ ಗುದ್ದಲು ಕೈ ಎತ್ತುವ ಮೊದಲು ಕಿವಿಗೊಟ್ಟು, ನಾಣ್ಯ ಎಲ್ಲಿಯವರೆಗೆ ಹೋಯಿತೆಂದು ಕೇಳಿಸಿಕೊಂಡರೆ ಆ ಭಾನುವಾರ ವ್ಯರ್ಥವಾಗಲಿಲ್ಲ.